ಗೋಡೆಗೆ ಹೇಳಿದ ಮಾತು

"ಮೇಲಿನ ಗುಂಡಿ ಹಾಕಿದ್ರೆ ಕುತ್ತಿಗೆ ಬಿಗಿಯಾಗುತ್ತೋ ಏನೋ," ಎಂದು ಮಗಳು ಗೋಡೆಗೆ ಹೇಳಿದಳು. ಅವಳ ಬೆರಳುಗಳು ಅಪ್ಪನ ಬಿಳಿ ಅಂಗಿಯ ಕಾಲರಿನ ಮೇಲಿದ್ದವು.

ಶವಪೆಟ್ಟಿಗೆಯ ಆ ಬದಿಯಲ್ಲಿ ನಿಂತು ತೋಳಿನ ಸುಕ್ಕು ಸರಿಮಾಡುತ್ತಿದ್ದ ಸೋದರತ್ತೆ ಕೈ ನಿಲ್ಲಿಸಿದಳು. "ಅಯ್ಯೋ ನಿನ್ನ! ಅಣ್ಣ ಹೋಗಿ ಒಂದು ದಿನ ಆಯ್ತು. ಈಗಲೂ ಗೋಡೆಗೇ ಹೇಳ್ತೀಯೇನೇ?"

"ಅಭ್ಯಾಸ ಅತ್ತೆ."

ಹನ್ನೆರಡು ವರ್ಷದ ಅಭ್ಯಾಸ. ಮೊದಮೊದಲು ಎಲ್ಲ ಅಮ್ಮನ ಮೂಲಕ: ನಿಮ್ಮ ಯಜಮಾನ್ರಿಗೆ ಹೇಳಮ್ಮ, ಊಟ ಆರಿಹೋಗ್ತಿದೆ. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅವರಿಬ್ಬರೇ ಉಳಿದರು. ಆಗ ಗೋಡೆಯ ಪಾಳಿ ಬಂತು. "ಮಾತ್ರೆ ತಗೊಂಡಿಲ್ಲ," ಎಂದು ಇವಳು ಗೋಡೆಗೆ ಹೇಳುವಳು. "ಈಗ ತಗೊಳ್ತಾರಂತೆ," ಎಂದು ಅಪ್ಪನೂ ಗೋಡೆಗೇ ಉತ್ತರ ಕೊಡುವನು. ಕೇಳಿದವರಿಗೆ ನಗು ಬರುತ್ತಿತ್ತು. ಹಟದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ತಾಳ್ಮೆಯಲ್ಲಿ ಅವನನ್ನು.

ಬಾಗಿಲಲ್ಲಿ ರಟ್ಟಿನ ಕಾರ್ಖಾನೆಯವರು ಗುಂಪುಗಟ್ಟಿದ್ದರು. ಅಪ್ಪ ಕೊನೆಯ ಹನ್ನೆರಡು ವರ್ಷ ಅಲ್ಲಿ ಪೆಟ್ಟಿಗೆ ಮಡಚುವ ಕೆಲಸ ಮಾಡಿದ್ದ.

"ಇಂಥ ಮನುಷ್ಯ ಮತ್ತೆ ಸಿಗಲ್ಲ ಬಿಡಿ," ಎಂದ ಒಬ್ಬ. "ಒಂದು ಪೆಟ್ಟಿಗೆ ಹರಿದ್ರೂ ತಾನೇ ಮೇಸ್ತ್ರಿ ಹತ್ರ ಹೋಗಿ, ನಾನು ಹರಿದೆ ಅನ್ನೋನು. ಅವನ ಪಕ್ಕ ಕೂತ ನಮಗೆ ದೊಡ್ಡ ಫಜೀತಿ."

ನಾಲ್ಕು ಜನ ಮೆಲ್ಲಗೆ ನಕ್ಕರು. ಮಗಳು ಕಾಲರನ್ನು ಜೋರಾಗಿ ಎಳೆದು ಸರಿಮಾಡಿದಳು. ಇವರಿಗೆ ಒಂದು ಪೆಟ್ಟಿಗೆ ಹೋಗಿದ್ದೇ ದೊಡ್ಡದು.

* * *

ಹದಿನಾಲ್ಕು ವರ್ಷದ ಹಿಂದೆ ಅಪ್ಪ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್. ಔಷಧಿ ಕಲಸಿ, ಸೀಸೆಗೆ ತುಂಬಿ, ಸೀಸೆಯ ಮೈಗೆ ಉದ್ದದ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಪಟ್ಟಿಯ ಅಂಚಿನಲ್ಲಿ ಕತ್ತರಿಯಿಂದ ಕಚ್ಚು ಮಾಡಿರುತ್ತಿದ್ದ. ಒಂದು ಸಲಕ್ಕೆ ಒಂದು ಕಚ್ಚಿನಷ್ಟು ಕುಡಿಸಬೇಕು. ದೊಡ್ಡವರ ಪಟ್ಟಿಗೆ ನಾಲ್ಕು ಕಚ್ಚು, ಮಗುವಿನದಕ್ಕೆ ಹನ್ನೆರಡು.

ಫಿಟ್ಸ್ ಬರುತ್ತಿದ್ದ ಒಂದು ಮಗುವಿಗೆ ಅವನೇ ಔಷಧಿ ಕೊಟ್ಟಿದ್ದ. ಅದು ಸತ್ತ ಸಂಜೆ, ಮೇಜು ಒರೆಸುವಾಗ ಹನ್ನೆರಡು ಕಚ್ಚಿನ ಪಟ್ಟಿ ಅಂಟಿಸದೆ ಹಾಗೆಯೇ ಬಿದ್ದಿರುವುದು ಅವನ ಕಣ್ಣಿಗೆ ಬಿತ್ತು. ಮಗುವಿನ ಸೀಸೆಯ ಮೇಲೆ ದೊಡ್ಡವರ ಪಟ್ಟಿ ಹೋಗಿತ್ತು; ಪ್ರತಿ ಸಲವೂ ಮೂರು ಪಟ್ಟು ಔಷಧಿ. ಡಾಕ್ಟರು, ಕಾಯಿಲೆಯೇ ಕೊಂಡೊಯ್ದಿತು ಎಂದಿದ್ದರು. ಅಪ್ಪನ ಮೇಲೆ ಯಾರಿಗೂ ಅನುಮಾನವಿರಲಿಲ್ಲ.

ಮಗಳ ಮದುವೆಗೆ ಒಂಬತ್ತು ದಿನ ಉಳಿದಿತ್ತು.

ಸಭೆಯ ಪಾಸ್ಟರು ಕೂಡ ತಗ್ಗಿದ ದನಿಯಲ್ಲಿ, "ದೇವರ ಹತ್ರ ಹೇಳ್ಕೊಂಡಿದ್ದೀರಲ್ಲ, ಸದ್ಯಕ್ಕೆ ಸಾಕು," ಎಂದರು.

"ಪಾಸ್ಟರೇ, ಯೇಸುವಿನ ಹಿಂದೆ ಬರ್ತೀನಿ ಅಂತ ಮಾತು ಕೊಟ್ಟಾಗ, ದಾರಿ ಚೆನ್ನಾಗಿದ್ರೆ ಮಾತ್ರ ಅಂತ ನಾನು ಹೇಳಿರಲಿಲ್ಲ."

ಮಗಳು ಅವನ ಕಾಲು ಹಿಡಿದುಕೊಂಡಿದ್ದಳು. "ಅಪ್ಪಾ, ಒಂಬತ್ತೇ ದಿನ. ಆಮೇಲೆ ಹೋಗಿ ಹೇಳು. ನಾನು ಬೇಡ ಅನ್ನಲ್ಲ."

ಅಪ್ಪ ಅವಳ ಕೈ ಬಿಡಿಸಿಕೊಂಡ. "ಆ ತಾಯಿ ತಾನೇ ಹೆಚ್ಚು ಕುಡಿಸಿಬಿಟ್ಟೆ ಅಂತ ತಲೆ ಚಚ್ಚಿಕೊಳ್ತಿದ್ದಾಳೆ ಮಗಳೇ. ಒಂಬತ್ತು ದಿನ ಹೇಗೆ ಬಿಡಲಿ?"

ಅಂದೇ ಹೋಗಿ ಆ ತಾಯಿಗೂ ಪೊಲೀಸರಿಗೂ ಹೇಳಿದ. ಎರಡು ವರ್ಷ ಜೈಲಾಯಿತು. ಮದುವೆ ಮುರಿದು ಬಿತ್ತು, ಮತ್ತೆ ಕೂಡಿಬರಲಿಲ್ಲ. ಆಮೇಲೆ ಮಗಳು ಅವನನ್ನು ಅಪ್ಪ ಎಂದು ಕರೆಯಲಿಲ್ಲ.

* * *

ಪಾಸ್ಟರು ಪ್ರಾರ್ಥನೆಗೆ ಎದ್ದು ನಿಲ್ಲುವಷ್ಟರಲ್ಲಿ ಒಬ್ಬ ಹೆಂಗಸು ಜನರನ್ನು ಸರಿಸಿಕೊಂಡು ಒಳಗೆ ಬಂದಳು. ಮಗಳಿಗೆ ಕೂಡಲೇ ಗುರುತು ಸಿಕ್ಕಿತು. ಕೋರ್ಟಿನಲ್ಲಿ ನೋಡಿದ ಮುಖ. ಆ ಮಗುವಿನ ತಾಯಿ.

ಹೆಂಗಸು ಪೆಟ್ಟಿಗೆಯ ಬಳಿ ನಿಂತು ಅಪ್ಪನ ಮುಖವನ್ನೇ ನೋಡಿದಳು. "ಜೈಲಿಂದ ಬಂದ ಮೇಲೆ ಪ್ರತಿ ವರ್ಷ ನನ್ನ ಮಗು ಹೋದ ದಿನ ಬಂದು ನಮ್ಮನೆ ಮೆಟ್ಟಿಲ ಮೇಲೆ ಕೂತಿರ್ತಿದ್ರು. ನಾನು ಬಾಗಿಲು ತೆಗೀತಿರಲಿಲ್ಲ. ಹೋದ ವರ್ಷ ತೆಗೆದೆ. ಮನಸು ಕರಗಿ ಅಲ್ಲಮ್ಮ. ನನ್ನ ಮಗು ಹುಟ್ಟಿತ್ತು ಅನ್ನೋದು ನೆನಪಿದ್ದೋರು ಅವರೊಬ್ಬರೇ ಉಳಿದಿದ್ರು."

ಮಗಳ ಬಾಯಿಂದ ಇಷ್ಟು ವರ್ಷ ನುಂಗಿಕೊಂಡಿದ್ದ ಪ್ರಶ್ನೆ ಹೊರಬಿತ್ತು. "ಹೇಳಬಾರದಿತ್ತು ಅಂತ ಯಾವತ್ತಾದ್ರೂ ಅಂದ್ರಾ?"

"ಇಲ್ಲ."

ಮಗಳು ತುಟಿ ಕಚ್ಚಿಕೊಂಡಳು.

"ನಿನ್ನ ಬಗ್ಗೆ ಅಂದ್ರು. 'ಶಿಲುಬೆ ಹೊತ್ತೋನು ನಾನು ಅಂದ್ಕೊಂಡಿದ್ದೆ, ಹೊತ್ತಿದ್ದು ನನ್ನ ಮಗಳು' ಅಂದ್ರು. ಅವಳ ಹತ್ರ ಕ್ಷಮೆ ಕೇಳೋಕೆ ನನಗೆ ಧೈರ್ಯ ಇಲ್ಲ, ಕೇಳಿದ್ರೆ ಆ ಗೋಡೆ ಜೊತೆ ಆಡೋ ಮಾತೂ ನಿಂತುಹೋದೀತು ಅಂತ ಭಯ, ಅಂದ್ರು."

ಸೋದರತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಂಗಸು ಬಗ್ಗಿ, ಅಪ್ಪನ ಕೈ ಮುಟ್ಟಿ, "ಹೋಗಿ ಬನ್ನಿ," ಎಂದು ಹಿಂದೆ ಸರಿದಳು.

ಪ್ರಾರ್ಥನೆ ಮುಗಿಯಿತು. ಕಾರ್ಖಾನೆಯ ನಾಲ್ವರು ಬಂದು ಪೆಟ್ಟಿಗೆಯ ಹಿಡಿಗಳಿಗೆ ಕೈ ಹಾಕಿದರು.

"ಅಪ್ಪಾ," ಎಂದಳು ಮಗಳು.

ದನಿ ಸರಿಯಾಗಿ ಹೊರಡಲಿಲ್ಲ. ಆ ಶಬ್ದಕ್ಕೆ ಅವಳ ಬಾಯಿ ಒಗ್ಗುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು, ಅವನ ಎರಡೂ ಕೆನ್ನೆ ಹಿಡಿದು, ಗಟ್ಟಿಯಾಗಿ ಕರೆದಳು. "ಅಪ್ಪಾ. ನಾನು ಕಣಪ್ಪ. ನಿನ್ನನ್ನೇ ಕರೀತಿರೋದು."

ನಾಲ್ವರೂ ಹಿಡಿ ಬಿಟ್ಟು ನೆಟ್ಟಗಾದರು. ಪಾಸ್ಟರು ಕೈ ಅಡ್ಡ ಮಾಡಿ, ಇರಲಿ ಎಂದು ಸನ್ನೆ ಮಾಡಿದರು. ಮಗಳು ಇನ್ನಷ್ಟು ಬಗ್ಗಿ, ಅವನ ಬಾಯಿಯ ಹತ್ತಿರ ಕಿವಿ ಇಟ್ಟುಕೊಂಡು ಕಾಯತೊಡಗಿದಳು.