ಶಾಂತರಾಜಯ್ಯ ಕೂರಿಸಿದ ಬ್ಯಾಟರಿ

ಚನ್ನಪ್ಪ ಆಸ್ಟಿನ್ ಕಾರಿನ ಬಾನೆಟ್ ಎತ್ತುತ್ತಿದ್ದಾಗಲೇ ಬೆನ್ನ ಹಿಂದೆ ಜಗಲಿಯ ಮೇಲೆ ಮಾತಿಗೆ ಮಾತು ಬೆಳೆಯಿತು.

"ಅರಕಲಗೂಡಿಗೆ ಹೋಗಿ ಬರೋದು ಆಗೋ ಹೋಗೋ ಮಾತಾ?" ಎಂದರು ಪದ್ಮರಾಜಯ್ಯ, ಸತ್ತ ಶಾಂತರಾಜಯ್ಯನ ಅಣ್ಣ. "ಸೂರ್ಯ ಮುಳುಗೋ ಮುಂಚೆ ಸಂಸ್ಕಾರ ಮುಗೀಬೇಕು. ಕತ್ತಲಲ್ಲಿ ನಾವು ಜೈನರು ಚಿತೆ ಹಚ್ಚೋದಿಲ್ಲ. ಅಲ್ಲದೆ ಅನಂತು ಬಸುರಿ. ಬಸುರಿ ಹೆಂಗಸು ಹೆಣ ನೋಡಬಾರದು."

ಬಾಗಿಲಿಗೊರಗಿ ಕೂತಿದ್ದ ರಾಜೀಮತಿ ತಲೆಯೆತ್ತಿದಳು. "ಅವಳಿಗೆ ಅದು ಹೆಣ ಅಲ್ಲ ಭಾವ, ಅಪ್ಪ. ಇರೋದೇ ಒಬ್ಬಳು ಮಗಳು. ಮುಖ ತೋರಿಸದೆ ಎತ್ತಿದರೆ ಅವಳಿಗೆ ನಾನೇನು ಹೇಳಲಿ?"

"ನೀ ಸುಮ್ಕಿರಕ್ಕ," ಎಂದ ಚನ್ನಪ್ಪ. "ಒತ್ತು ಮುಳುಗೋಕ್ ಮುಂಚೆ ಮಗಳ್ನ ತಂದು ಅಪ್ಪನ್ ಮುಂದೆ ನಿಲ್ಲುಸ್ತೀನಿ. ನನ್ ಮಾತು."

ಮಾತು ಕೊಟ್ಟುಬಿಟ್ಟ, ಪುಣ್ಯಾತ್ಮ. ತನ್ನೂರು ದುದ್ದದ ಹೊಲದಲ್ಲಿ ರಾಗಿ ಕೊಯ್ಯುತ್ತಿದ್ದವನು ಸುದ್ದಿ ಕೇಳಿ ಕುಡುಗೋಲು ಬಿಸಾಕಿ ಬಂದಿದ್ದ. ಕಾಲಿನ ಮಣ್ಣೂ ತೊಳೆದಿರಲಿಲ್ಲ. ಚನ್ನರಾಯಪಟ್ಟಣದಲ್ಲಿ ಈ ಕಾರನ್ನು ಅವನೂ ಶಾಂತರಾಜಯ್ಯನೂ ಸರದಿಯ ಮೇಲೆ ಓಡಿಸುತ್ತ ತಲೆ ನರೆಸಿಕೊಂಡವರು. ಬೆಳಗೊಳಕ್ಕೆ ಬರುವ ಯಾತ್ರಿಕರನ್ನು ಇವರು ಹೊತ್ತು ತಿರುಗಿದ್ದಕ್ಕೆ ಲೆಕ್ಕವಿಲ್ಲ. ಈವತ್ತು ಬೆಳಿಗ್ಗೆ ಶಾಂತರಾಜಯ್ಯ ಕಾರಿನ ಕೆಲಸ ಮುಗಿಸಿ ಕೈ ತೊಳೆದು, "ಎದೆ ಹಿಡಿದ ಹಾಗಿದೆ ಕಣೆ" ಎಂದು ಜಗಲಿಯ ಮೇಲೆ ಕೂತ. ಕೂತವನು ಮತ್ತೆ ಏಳಲಿಲ್ಲ.

ಕಾರು ಓಡುವಾಗ ಬ್ಯಾಟರಿ ತುಂಬಿಸುವ ಹಳೆಯ ಡೈನಮೋ ಗೋಣಿತಾಟಿನ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಹೊಸದು, ಆಲ್ಟರ್ನೇಟರ್, ಕುಂಬಳಕಾಯಿಯಷ್ಟು ಗುಂಡಗೆ ಕೂತಿತ್ತು. ಬೆಲ್ಟು ಬಿಗಿಯಾಗಿತ್ತು, ತಂತಿಗಳು ಸೇರಿದ್ದವು. ಆಮೇಲೆ ಚನ್ನಪ್ಪನ ಕಣ್ಣು ಬ್ಯಾಟರಿಯ ಮೇಲೆ ಬಿತ್ತು.

ಬ್ಯಾಟರಿ ಹಿಂದುಮುಂದಾಗಿ ಕೂತಿತ್ತು. ಈ ಕಾರಿಗೆ ಪ್ಲಸ್ಸಿನ ತಂತಿ ಕಾರಿನ ಮೈಗೆ ಹೋಗಬೇಕು. ಅದು ಹುಟ್ಟಿದ ಲಾಗಾಯ್ತಿನಿಂದಲೂ ಹಾಗೇ. ಶಾಂತರಾಜಯ್ಯ ಮೈನಸ್ಸನ್ನು ಮೈಗೆ ಕೊಟ್ಟಿದ್ದ.

"ಅಯ್ಯೋ ನನ್ನಪ್ಪ," ಎಂದು ಚನ್ನಪ್ಪ ಒಳಗೊಳಗೇ ಅತ್ತ. "ಜೀವ ಓಗೋ ಒತ್ನಲ್ಲಿ ಕೈ ತಪ್ಪೋಗದಲ್ಲೋ ನಿಂಗೆ." ಬೇರೆಯವರು ನೋಡಿ ಆಡಿಕೊಳ್ಳುವ ಮುಂಚೆ ಸರಿಮಾಡಬೇಕು ಅನ್ನಿಸಿತು. ಹೆಣದ ಮೇಲಿನ ಬಟ್ಟೆ ಸರಿಮಾಡುವಷ್ಟು ಮೆಲ್ಲಗೆ ಬ್ಯಾಟರಿಯನ್ನು ತಿರುಗಿಸಿ, ಎಂದಿನಂತೆ ಪ್ಲಸ್ಸನ್ನು ಮೈಗೆ ಕೊಟ್ಟು, ಇನ್ನೊಂದು ತಂತಿ ಮುಟ್ಟಿಸಿದ.

ಚಟಾರನೆ ಕಿಡಿ ಹಾರಿತು. ಆಲ್ಟರ್ನೇಟರಿನ ಹೊಟ್ಟೆಯಿಂದ ಹೊಗೆ ಎದ್ದು, ಸುಟ್ಟ ರಬ್ಬರಿನ ನಾತ ಜಗಲಿಯ ತನಕ ಹಬ್ಬಿತು. ಕೂತಿದ್ದವರು ಎದ್ದು ನಿಂತರು.

"ಏನೋ ಅದು?" ಎಂದರು ಪದ್ಮರಾಜಯ್ಯ.

"ಏನಿಲ್ಲ ಸಾ. ಈ ಗುಜರಿ ಮುಂಡೇದು ಮುಟ್ಟುದ್ರೆ ಉರ್ಕೊಂಡ್ಬುಡ್ತು!" ಅದರ ದಪ್ಪ ತಂತಿಯನ್ನು ಕಿತ್ತು ಬಟ್ಟೆ ಸುತ್ತಿದ. ಹಗಲು ಹೊತ್ತು, ದೀಪ ಬೇಕಿಲ್ಲ. ಬರೀ ಬ್ಯಾಟರಿಯಲ್ಲೇ ಹೋಗಿ ಬಂದುಬಿಡಬಹುದು ಎಂದುಕೊಂಡ. ಅವನ ಲೆಕ್ಕ ತಪ್ಪೇನಲ್ಲ. ಆದರೆ ಆ ಕಿಡಿ ಬ್ಯಾಟರಿಯಿಂದ ಎಷ್ಟು ಹೀರಿತ್ತೋ, ಅದನ್ನು ಯಾರು ಬಲ್ಲರು.

* * *

ಸುಗ್ಗಿಗೆ ಊರಿಗೆ ಹೊರಡುವ ದಿನ ಚನ್ನಪ್ಪ ಆ ಆಲ್ಟರ್ನೇಟರನ್ನು ಮೊದಲು ನೋಡಿದ್ದು. ಶಾಂತರಾಜಯ್ಯ ಹಾಸನದ ಗುಜರಿಯಿಂದ ತಂದು, ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದ.

"ಮುದಿ ಎತ್ತಿನ್ ಕೊಂಬ್ಗೆ ಬೆಳ್ಳಿ ಕೊಡಣಸಾ?" ಎಂದು ಚನ್ನಪ್ಪ ನಕ್ಕ. "ಡೈನಮೋಗೇನ್ ಬಂದದೆ ರ್‍ವಾಗ?"

"ಡೈನಮೋ ಓಡಿದರೆ ಮಾತ್ರ ಅನ್ನ ಹಾಕುತ್ತೆ ಕಣೋ. ನಿಧಾನಕ್ಕೆ ಹೋದರೆ ದೀಪ ಕೆಂಪಗಾಗುತ್ತೆ. ಇದು ಹಾಗಲ್ಲ, ನಿಂತಲ್ಲೂ ಕರೆಂಟು ಕೊಡುತ್ತಂತೆ."

"ಒತ್ತು ಮುಳುಗಿದ್ಮೇಕೆ ಅನ್ನ ಮುಟ್ಟಾಕಿಲ್ಲ ನೀನು. ರಾತ್ರಿ ದೀಪ ನಿಂಗ್ಯಾಕಣ್ಣ?"

ಶಾಂತರಾಜಯ್ಯ ಒರೆಸುವುದನ್ನು ನಿಲ್ಲಿಸಿದ. "ಅನಂತು ಬಾಣಂತನಕ್ಕೆ ಇಲ್ಲಿಗೇ ಬರ್ತಾಳೆ. ನೋವು ಹೊತ್ತು ಗೊತ್ತು ನೋಡಿ ಬರುತ್ತೇನೋ?"

ಚನ್ನಪ್ಪನಿಗೆ ಗೊತ್ತಿತ್ತು. ಅನಂತಮತಿಗೂ ಮುಂಚೆ ಒಂದು ಗಂಡುಮಗು ಇತ್ತು. ಮಳೆಯಲ್ಲಿ, ಕಿತ್ತುಹೋದ ರಸ್ತೆಯಲ್ಲಿ, ರಾಜೀಮತಿಯನ್ನು ಹಾಸನದ ಆಸ್ಪತ್ರೆಗೆ ಒಯ್ಯುವಾಗ ಶಾಂತಿಗ್ರಾಮದ ಹತ್ತಿರ ದೀಪ ಕೆಂಪಗಾಗಿ ಆರಿತು. ಬೆಳಕು ಹರಿಯುವ ತನಕ ಕಾರು ಅಲ್ಲೇ ನಿಂತಿತ್ತು. ಕೂಸು ಬೆಳಕು ಕಾಣಲಿಲ್ಲ.

"ಆಗ್ಲಿ ಕಣಣ್ಣ, ಆಕು," ಎಂದ ಚನ್ನಪ್ಪ. "ಕುಯ್ಲು ಮುಗ್ಸಿ ಬಂದು ನಾನೂ ಕೈ ಆಕ್ತೀನಿ."

"ನೀನು ಬರೋ ಹೊತ್ತಿಗೆ ಮುಗಿಸಿ ಇಟ್ಟಿರ್ತೀನಿ. ನೋಡುವೆಯಂತೆ."

* * *

"ಅಪ್ಪ ಯಾಕೆ ಬರಲಿಲ್ಲ ಮಾಮ?" ಅರಕಲಗೂಡಿನಲ್ಲಿ ಕಾರು ಹತ್ತುತ್ತ ಅನಂತಮತಿ ಕೇಳಿದಳು.

"ಒಸಿ ಉಸಾರಿಲ್ಲ ಕಣವ್ವ." ಸತ್ತ ಸುದ್ದಿಯನ್ನು ಯಾರೂ ನೆಟ್ಟಗೆ ಹೇಳುವುದಿಲ್ಲ. ಅವಳ ಗಂಡ ಜಯಕುಮಾರನಿಗೆ ಮಾತ್ರ ಮರೆಯಲ್ಲಿ ಹೇಳಿದ್ದ.

"ಕಾರಿಗೆ ಹೊಸದು ಹಾಕಿದರಂತಾ? ನನಗೋಸ್ಕರ ಹಾಕ್ತೀನಿ ಅಂತಿದ್ದರು."

"ಆಕಿದ್ರು. ಸುಟ್ಟೋಯ್ತು. ಯಾರೋ ನಿಮ್ಮಪ್ಪಂಗೆ ಟೋಪಿ ಆಕವ್ರೆ."

"ಅಪ್ಪ ಟೋಪಿ ಹಾಕಿಸಿಕೊಳ್ಳೋರಲ್ಲ ಮಾಮ."

ಹೊಳೆನರಸೀಪುರ ದಾಟಿ ಸ್ವಲ್ಪ ದೂರಕ್ಕೆ ಇಂಜಿನ್ನು ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತಿತು. ಹಾರನ್ನು ಒತ್ತಿದರೆ ಕುರಿಮರಿಯ ಸ್ವರ. ಚನ್ನಪ್ಪ ಇಳಿದು ಕಾರಿನ ಮುಂದೆ ಹ್ಯಾಂಡಲ್ ಸಿಕ್ಕಿಸಿ ತಿರುವಿದ. ಅಂಗೈ ಸುಲಿದು ರಕ್ತ ಬರುವ ತನಕ ತಿರುವಿದ. ಬ್ಯಾಟರಿಯಲ್ಲಿ ಉಸಿರಿರಲಿಲ್ಲ. "ಅತ್ಕೊಳ್ಳೋ, ನಿನ್ ದಮ್ಮಯ್ಯ," ಎಂದು ಕಾರಿನ ಮೂತಿಗೆ ಕೈಮುಗಿದ. ನಿಂತಲ್ಲೂ ಕರೆಂಟು ಕೊಡುತ್ತೆ ಅಂದಿದ್ದನಲ್ಲ, ಕೊಡಲಿ ಈಗ ಎಂದು ಹಲ್ಲು ಕಡಿದ.

ಎಷ್ಟೋ ಹೊತ್ತಿನ ಮೇಲೆ ತೆಂಗಿನಕಾಯಿ ಲಾರಿಯೊಂದು ಬಂತು. ಡ್ರೈವರು ಒಳ್ಳೆಯವನು, ಹಗ್ಗ ಕಟ್ಟಿ ಎಳೆದುಕೊಂಡು ಹೊರಟ. ಬಸುರಿಗೆ ಕುಲುಕಬಾರದೆಂದು ಮೆಲ್ಲಗೆ ಎಳೆದ. ಹಿಂದಿನ ಗಾಜಿನಲ್ಲಿ ಸೂರ್ಯ ಮರಗಳ ಮಟ್ಟಕ್ಕೆ ಇಳಿಯುತ್ತಿದ್ದ. ಚನ್ನಪ್ಪ ತಿರುಗಿ ತಿರುಗಿ ನೋಡುತ್ತಿದ್ದ.

"ಯಾಕೆ ಸೂರ್ಯನ್ನ ನೋಡ್ತಿದ್ದೀರಿ ಮಾಮ?" ಎಂದಳು ಅನಂತಮತಿ. ಅವನು ತಟ್ಟನೆ ಮುಂದಕ್ಕೆ ತಿರುಗಿದ. ಅವಳು ಗಂಡನ ಮುಖ ನೋಡಿದಳು, ಮತ್ತೆ ಇವನ ಮುಖ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, "ಅಪ್ಪಾ" ಎಂದು ಬಾಗಿದಳು.

* * *

ಮನೆಯ ಮುಂದೆ ತಲುಪಿದಾಗ ಕತ್ತಲಾಗಿತ್ತು. ನಡುಮನೆ ತೊಳೆದಿತ್ತು, ಹೆಣವಿದ್ದ ಜಾಗದಲ್ಲಿ ದೀಪ ಉರಿಯುತ್ತಿತ್ತು. ಗಂಡಸರು ಸ್ಮಶಾನದಿಂದ ಬಂದು ಒದ್ದೆ ಬಟ್ಟೆಯಲ್ಲಿ ನಿಂತಿದ್ದರು.

"ಕಡೇ ಗಳಿಗೆ ತನಕ ಕಾದ್ವಿ ಮಗಳೇ," ಎಂದರು ಪದ್ಮರಾಜಯ್ಯ. ಅವರ ದನಿಯೂ ಒಡೆದಿತ್ತು. "ಆಮೇಲೆ ಆಗಲಿಲ್ಲ."

ಅನಂತಮತಿ ಒದ್ದೆ ನೆಲದ ಮೇಲೆ ಕೂತು, ಅಪ್ಪನ ತಲೆ ಇದ್ದ ಕಡೆ ಯಾವುದು ಎಂದು ಅಮ್ಮನನ್ನು ಕೇಳಿದಳು. ರಾಜೀಮತಿ ತೋರಿಸಿದಳು.

ಚನ್ನಪ್ಪ ಬಾಗಿಲಾಚೆಯೇ ನಿಂತ. "ತಪ್ಪಾಯ್ತಕ್ಕ. ಮಾತುಳಿಸ್ಕೊಳ್ಳಕಾಗ್ನಿಲ್ಲ. ಆ ದರಿದ್ರದ್ದು ಸುಟ್ಟೋಗದೆ ಇದ್ದಿದ್ರೆ ಎಂಗೋ ಬಂದ್ಬುಡ್ತಿದ್ದೋ."

"ಅದು ಹೇಗೆ ಸುಟ್ಟಿತು ಚನ್ನಪ್ಪ?" ರಾಜೀಮತಿಯ ಮಾತಿನಲ್ಲಿ ದೂರು ಇರಲಿಲ್ಲ, ಬರೀ ಸೋಲು. "ಹಾಸನದ ಗುಜರಿ ಅಂಗಡಿ ಬೈರಯ್ಯ ಎಲ್ಲಾ ಹೇಳಿಕೊಟ್ಟಿದ್ದನಂತೆ. ಇದಕ್ಕೆ ಬ್ಯಾಟರಿ ತಿರುಗಿಸಿ ಕೂರಿಸಬೇಕು, ಹಳೇ ಥರ ಕೊಟ್ಟರೆ ಉರಿದುಹೋಗುತ್ತೆ ಅಂತ. ಬೆಳಿಗ್ಗೆ ಕೂರಿಸಿ ಒಬ್ಬರೇ ನಗ್ತಿದ್ದರು. 'ಚನ್ನ ನೋಡಿದರೆ ಮುದುಕನಿಗೆ ಅರಳುಮರಳು ಅಂತಾನೆ ಕಣೆ. ಅವನಿಗೆ ನಾನೇ ತೋರಿಸಬೇಕು, ನೀನು ಬಾಯಿ ಬಿಡಬೇಡ' ಅಂದರು."

ಚನ್ನಪ್ಪ ಗೋಡೆ ಹಿಡಿದುಕೊಂಡ. ಒಳಗೆ ಅನಂತಮತಿ ನೆಲ ಸವರುತ್ತಿದ್ದಳು.

ಅವನು ಬೀದಿಗಿಳಿದ. ಜಗಲಿಯ ಲಾಟೀನು ತೆಗೆದುಕೊಂಡು ಹೋಗಿ ಬಾನೆಟ್ ಎತ್ತಿದ. ಸುಲಿದ ಕೈಯಿಂದಲೇ ತಂತಿಗಳನ್ನು ಬಿಚ್ಚಿದ, ಬ್ಯಾಟರಿಯನ್ನು ಶಾಂತರಾಜಯ್ಯ ಕೂರಿಸಿದ್ದ ಹಾಗೇ ತಿರುಗಿಸಿ ಕೂರಿಸಿದ. ಮೈನಸ್ಸನ್ನು ಕಾರಿನ ಮೈಗೆ ಕೊಟ್ಟು ಬಿಗಿದ. ಆಮೇಲೆ ಇನ್ನೊಂದು ತಂತಿಯನ್ನು ಮುಟ್ಟಿಸಿದ. ಈ ಸಲ ಕಿಡಿ ಹಾರಲಿಲ್ಲ.