ಮಡಿನೀರಿನ ಕೊಡ

“ಬಾವೀ ನೀರಿಗೆ ಕರೆಂಟ್ ಯಾಕ ಬೇಕವಾ?”

ಅತ್ತೆ ವಿಮಲಾಬಾಯಿ ಹೀಗೆ ಕೇಳಿದ್ದೇ ತಡ, ಖಾಲಿ ತಾಮ್ರದ ಕೊಡ ಹಿಡಿದಿದ್ದ ಮೃಣಾಲಿನಿ ನಿಂತಲ್ಲೇ ನಿಂತಳು. ದೇವರ ಒಲೆ ಹೊತ್ತಿತ್ತು. ನೈವೇದ್ಯದ ಅಕ್ಕಿ ತೊಳೆಯಲು ವಿಮಲಾಬಾಯಿ ನೀರಿಗೆ ಕಾಯುತ್ತ ಕೂತಿದ್ದರು. “ಸ್ವಲ್ಪ ತಡೀರಿ ಅತ್ಯಾ, ಕರೆಂಟ್ ಬರ್ಲಿ” ಎಂಬ ಮಾತು ಸೊಸೆಯ ಬಾಯಿಂದ ಜಾರಿ ಹೋಗಿತ್ತು.

ಆ ಮನೆಯಲ್ಲಿ ನೈವೇದ್ಯದ ನೀರನ್ನು ಮಿಂದು, ಮಡಿ ಸೀರೆ ಉಟ್ಟು, ಹಿತ್ತಲ ಬಾವಿಯಿಂದ ಕೈಯಾರೆ ಸೇದಬೇಕು. ಮದುವೆಯಾಗಿ ಸವಣೂರಿಗೆ ಬಂದ ಹದಿನೇಳರ ವಯಸ್ಸಿನಿಂದ ಅರವತ್ತೇಳರವರೆಗೆ ವಿಮಲಾಬಾಯಿಯೇ ಸೇದಿದ್ದರು. ಹೋದ ವರ್ಷ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿಯಿತು. ಎಲುಬೇನೋ ಎರಡು ತಿಂಗಳಲ್ಲಿ ಕೂಡಿತು. ಕೊಡ ಮಾತ್ರ ಕೈಗೆ ಮರಳಲಿಲ್ಲ. ಮಡಿಯುಟ್ಟು ಮೃಣಾಲಿನಿ ಸೇದುತ್ತಾಳೆ ಎಂದೇ ಅವರು ನಂಬಿದ್ದರು.

“ಎಷ್ಟ್ ದಿನಾ ಆತು, ನಳದ ನೀರು ತುಂಬ್ಲಿಕ್ಕತ್ತು?”

“ಶುರುವಿನಿಂದನೂ...” ಸೊಸೆ ನೆಲ ನೋಡಿದಳು.

ಮಗ ಶ್ರೀಪಾದ ಅರ್ಧ ಗಡ್ಡದ ನೊರೆಯಲ್ಲೇ ಬಂದ. ಕಾಲೇಜಿನಲ್ಲಿ ಪಾಠ ಹೇಳುವವನು, ಮನೆಯಲ್ಲೂ ಅದೇ ದನಿ. “ಅದೂ ಅದs ಬಾವೀ ನೀರವ್ವಾ, ಮೋಟಾರ್ ಎತ್ತತದ ಅಷ್ಟ. ನಿನ್ನ ಮನಸ್ಸಿಗೆ ಸಮಾಧಾನ ಇರ್ಲಿ ಅಂತ ಹೇಳಿರ್ಲಿಲ್ಲ.”

“ಸಮಾಧಾನ ಮಾಡ್ಲಿಕ್ಕೆ ನಾ ಏನು ತೊಟ್ಟಿಲ ಕೂಸೇನೋ? ನಳದ್ದು ಅಂತ ಹೇಳಿದ್ರ ಅದಕ್ಕs ತುಳಸಿ ಹಾಕಿ ದೇವರಿಗೆ ಒಪ್ಪಿಸ್ತಿದ್ದೆ. ಅವಗೇನು ಗಂಟಲು ಕಟ್ಟತಿದ್ದಿಲ್ಲ. ಎಂಟು ತಿಂಗಳು ನನ್ನ ಮುಂದ ನಾಟಕಾ ಮಾಡಿದ್ರಿ! ನಾಳಿಂದ ನಾನs ಸೇದತೇನಿ.”

ಶ್ರೀಪಾದ ನಕ್ಕ. ತಾಯಿಯ ರಟ್ಟೆಯನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿ ಹೆಂಡತಿಗೆ ತೋರಿಸಿದ. “ಇದರ್ಲೆ? ನುಗ್ಗಿಕಾಯಿ ಆಗೇದ ನೋಡು.”

ಸಂತೆಯಲ್ಲಿ ಕಾಯಿಪಲ್ಲೆ ಎತ್ತಿ ನೋಡಿದ ಹಾಗೆ ನೋಡಿದನಲ್ಲ, ಹೆತ್ತ ಮಗ! ವಿಮಲಾಬಾಯಿ ರಟ್ಟೆ ಬಿಡಿಸಿಕೊಂಡರು.

ಎರಡು ಮನೆ ಆಚೆ ಫರ್ಹತ ಇದ್ದಳು. ವ್ಯಾಯಾಮದ ಪದವಿ ಓದಿ, ಮಧ್ಯಾಹ್ನದ ಹೊತ್ತು ಮನೆಯ ಹಿಂದಿನ ಪತ್ರಾಸ್ ತಗಡಿನ ಶೆಡ್ಡಿನಲ್ಲಿ ಹೆಂಗಸರಿಗೆ ಕಸರತ್ತು ಕಲಿಸುತ್ತಿದ್ದಳು. ವಿಮಲಾಬಾಯಿ ಹೋಗಿ ಎದುರು ನಿಂತು, “ಬಾವಿಯಿಂದ ಕೊಡ ಸೇದೋ ಹಂಗ ಮಾಡವಾ ನನ್ನ” ಎಂದರು. ಹುಡುಗಿ ನಗಲಿಲ್ಲ. ಡಾಕ್ಟರ ಚೀಟಿ ಓದಿದಳು, ಮಣಿಕಟ್ಟು ತಿರುವಿ ನೋಡಿದಳು. ಆಮೇಲೆ ಒಂದು ಕುರ್ಚಿ ಎಳೆದಳು.

“ಕುಂತ್ರಿ ಬಾಯಾರ. ಈಗ ಕೈ ಊರದ ಏಳ್ರಿ.”

ಎಂಟನೆಯ ಸಲಕ್ಕೆ ತೊಡೆಗಳಲ್ಲಿ ಕೆಂಡ ಸುರಿದಂತಾಯಿತು.

“ಉರೀತದ!”

“ಉರೀಲಿ ಬಿಡ್ರಿ. ಉಸಿರು ಹೋಗಿ ಮುಟ್ಟೂದ್ರಾಗ ಕೆಲಸಾ ಮುಗಿಸಂದ್ರ ಮಾಂಸಖಂಡ ಹಂಗ ಬೈತಾವ. ಎರಡ ನಿಮಿಷ ಕುಂತ್ರ ಸುಮ್ನ ಆಗ್ತಾವ.”

ಹೀಗೆ ವಾರಕ್ಕೆ ಮೂರು ದಿನ. ಕೈ ಬಲಿಯುವವರೆಗೆ ದೇವರಿಗೆ ನಳದ ನೀರೇ, ಮೇಲೊಂದು ತುಳಸಿ. ಮನೆಯಲ್ಲಿ ಕೇಳಿದರೆ ಪ್ರವಚನಕ್ಕೆ ಹೋಗಿದ್ದೆ ಎಂಬ ಉತ್ತರ. ಎಂಟು ತಿಂಗಳ ಸುಳ್ಳಿಗೆ ತನ್ನದೂ ಒಂದಿರಲಿ ಎಂದುಕೊಂಡರು ವಿಮಲಾಬಾಯಿ. “ಅವ್ವ ಪ್ರವಚನದಾಗ ಮುಳುಗ್ಯಾಳ, ಬಾವಿ ಮರತಾಳ” ಎಂದು ಶ್ರೀಪಾದ ಬಂದವರಿಗೆಲ್ಲ ಹೇಳುತ್ತಿದ್ದ.

ಫರ್ಹತ ಶೆಡ್ಡಿನ ತೊಲೆಗೆ ರಾಟೆ ಕಟ್ಟಿ, ಉಸುಕು ತುಂಬಿದ ಬಣ್ಣದ ಡಬ್ಬಿಯನ್ನು ಹಗ್ಗಕ್ಕೆ ಬಿಗಿದಿದ್ದಳು. ಐದು ವಾರದಲ್ಲಿ ಐದು ಕಿಲೋದ ಡಬ್ಬಿ ಎಂಟು ಕಿಲೋದ್ದಾಯಿತು, ಅದೂ ಎದ್ದಿತು. ಆ ಸಂಜೆ ವಿಮಲಾಬಾಯಿ ಕನ್ನಡಿಯೆದುರು ತೋಳು ಮಡಚಿ ನೋಡಿಕೊಂಡರು. ಅದೇ ನುಗ್ಗೆಕಾಯಿ. ಮರುದಿನ ಹೋದವರೇ ಹರಿಹಾಯ್ದರು.

“ಡಬ್ಬಿಯೊಳಗಿಂದ ಉಸುಕು ತಗದು ನನ್ನ ಮಂಗ್ಯಾ ಮಾಡ್ಲಿಕ್ಕತ್ತೀಯೇನ? ನೀನೂ?”

ಫರ್ಹತಳ ಮುಖ ಕೆಂಪಾಯಿತು. ಡಬ್ಬಿ ಬಿಚ್ಚಿ ತೂಕದ ಯಂತ್ರದ ಮೇಲೆ ಕುಕ್ಕಿದಳು. ಎಂಟು ಕಿಲೋ, ಮೇಲೆ ಇನ್ನೂರು ಗ್ರಾಂ.

“ನಾ ಯಾಕ ಸುಳ್ಳ ಹೇಳ್ಲಿರಿ? ಮದಲಿಗೆ ತೋಳು ದಪ್ಪ ಆಗಂಗಿಲ್ಲ. ಮಕ್ಕೊಂಡಿದ್ದ ನರ ಎದ್ದು ಖಂಡಗಳನ್ನ ಕೂಗಿ ಕರ್ಯಾಕ ಕಲಿತಾವ. ಇಷ್ಟ ದಿನಾ ಹತ್ತ ಮಂದ್ಯಾಗ ಮೂರ ಮಂದಿ ಏಳತಿದ್ರು, ಈಗ ಏಳ ಮಂದಿ ಏಳಾಕತ್ತಾರ. ಮಾಂಸ ಬರೂದು ಆಮ್ಯಾಲೆ. ಅದೂ ಎತ್ತೂವಾಗ ಅಲ್ಲ, ನೀವು ಉಂಡು ಮಕ್ಕೊಂಡಾಗ.”

ವಿಮಲಾಬಾಯಿ ಡಬ್ಬಿಯನ್ನು ತಾವೇ ಮತ್ತೆ ಹಗ್ಗಕ್ಕೆ ಬಿಗಿದರು. “ಏಕಾದಶಿಗೆ?” ಎಂದರು ಮೆಲ್ಲಗೆ.

“ಅವತ್ತ ರಜಾ. ರೋಜಾ ಇದ್ದಾಗ ನಾನೂ ಹಗೂರ ಮಾಡತೇನಿ. ದ್ವಾದಶಿಗೆ ಹೆಸರಬ್ಯಾಳಿ ಎರಡ ಸೌಟು ಜಾಸ್ತಿ ಬಡಿಸ್ಕೋರಿ. ಮತ್ತ, ಇನ್ನೊಮ್ಮೆ ಕಳ್ಳಿ ಅಂದ್ರ ಕಲಸಂಗಿಲ್ಲ ನಾ.”

ನಾಲ್ಕನೆಯ ತಿಂಗಳು ಒಂದು ಬೆಳಿಗ್ಗೆ ವಿಮಲಾಬಾಯಿ ಮಡಿಯುಟ್ಟು, ಕೊಡ ಹಿಡಿದು ಹಿತ್ತಲಿಗೆ ಬಂದರೆ, ವೆಲ್ಡಿಂಗ್ ಅಂಗಡಿಯ ಹುಲಗೇಶ ಟೇಪು ಹಿಡಿದು ನಿಂತಿದ್ದ. ಬಾವಿಯ ಬಾಯಿಗೆ ಕಬ್ಬಿಣದ ಜಾಳಿಗೆ, ಜಾಳಿಗೆಗೆ ಕೀಲಿ. ಶ್ರೀಪಾದ ಅಳತೆ ಕೊಡಿಸುತ್ತಿದ್ದ.

“ಯಾರನ್ನ ಕೇಳಿ?”

“ನಿನ್ನ ಸಲವಾಗೇ ಅವ್ವಾ. ಯಾವಾಗರ ಹಟಕ್ಕ ಬಿದ್ದು ಇಣುಕಿದಿ ಅಂದ್ರ...”

“ಸರಿ ಆಚೆ.”

ಅವರು ಕೊಡಕ್ಕೆ ಕುಣಿಕೆ ಬಿಗಿದು ಇಳಿಬಿಟ್ಟರು. ಕಾಲು ಅಗಲಿಸಿ, ಮಂಡಿ ತುಸು ಮಡಚಿ, ಉಸಿರು ಬಿಡುತ್ತ ಎಳೆದರು. ಒಂದು ಕೈ, ಇನ್ನೊಂದು ಕೈ. ಎಂಟು ತಿಂಗಳಲ್ಲ, ವರ್ಷವೇ ಸುಮ್ಮನಿದ್ದ ರಾಟೆ ಕಿರುಚಿತು. ಕೊಡ ಕಟ್ಟೆಯ ಮೇಲೆ ಬಂದು ಕೂತಿತು. ಮೃಣಾಲಿನಿ ಬಾಗಿಲಲ್ಲಿ ಬಾಯಿ ಮೇಲೆ ಕೈಯಿಟ್ಟುಕೊಂಡಳು.

ಶ್ರೀಪಾದನ ದನಿ ಏರಿತು. “ಸಿಟ್ಟಿಲೆ ಒಮ್ಮೆ ಎತ್ತಿದಿ. ದಿನಾ ಎತ್ತೂದಂದ್ರ ಆಟ ಅಲ್ಲ. ಎಷ್ಟ್ ಭಾರ ಇರತದ ಗೊತ್ತೇನು?”

“ನಿನಗ ಗೊತ್ತೇನು? ಹುಟ್ಟಿದಾಗಿಂದ ಈ ನೀರಿನ ಅಡಿಗಿ ಉಂಡಿ. ಒಂದರ ಕೊಡ ಸೇದೀಯೇನು? ಹಿಡಿ. ಮಡಿ ಹೋದ್ರ ಹೋಗ್ಲಿ, ಹಗ್ಗಾ ಮತ್ತ ತೊಳಕೋತೇನಿ.”

ಹುಲಗೇಶ ನೋಡುತ್ತಿದ್ದ. ಶ್ರೀಪಾದ ಕೊಡ ಬರಿದು ಮಾಡಿ ಇಳಿಬಿಟ್ಟ. ಮೂರು ಮಾರು ಎಳೆಯುವಷ್ಟರಲ್ಲಿ ಕತ್ತಿನ ನರ ಉಬ್ಬಿದವು, ನಾಲ್ಕನೆಯದಕ್ಕೆ ಹಗ್ಗ ಅಂಗೈ ಸುಡುತ್ತ ಸರ್ರನೆ ಕೆಳಗಿಳಿಯಿತು. ವಿಮಲಾಬಾಯಿ ಅವನ ಭುಜ ಸರಿಸಿ ಹಗ್ಗ ಹಿಡಿದು ನಿಲ್ಲಿಸಿದರು. ಹಾಗೆಯೇ ಎಳೆದು ಕೊಡವನ್ನು ಕಟ್ಟೆಗಿಟ್ಟರು.

“ಮುಟ್ಟಿದಂಗಾತು. ಇನ್ನೊಮ್ಮೆ ಸ್ನಾನಾ” ಎಂದು ಗೊಣಗುತ್ತ ಬಚ್ಚಲಿಗೆ ಹೋದರು.

“ಸರ,” ಹುಲಗೇಶ ಕೆಮ್ಮಿದ, “ಅಳತಿ ತಗೋಳ್ಲೋ ಬ್ಯಾಡೋ?”

ಶ್ರೀಪಾದ ಕಟ್ಟೆಯ ಮೇಲೆ ಕೂತಿದ್ದ. ಅಂಗೈಯಲ್ಲಿ ಅಡ್ಡಡ್ಡ ಎದ್ದ ಕೆಂಪು ಗೆರೆಯನ್ನು ಮುಚ್ಚಿಕೊಳ್ಳಲು ಮುಷ್ಟಿ ಬಿಗಿಯಹೋದ. ಬೆರಳು ಮಡಚಲು ಬರಲಿಲ್ಲ.