ಶಹಾಪುರಕ್ಕೊಬ್ಬ ಹುತಾತ್ಮ

ಸಾವಿರದ ಒಂಬೈನೂರ ಐವತ್ತಾರರಲ್ಲಿ ಶಹಾಪುರಕ್ಕೆ ಒಬ್ಬ ಹುತಾತ್ಮನ ತುರ್ತು ಬಿತ್ತು. ನವೆಂಬರ್ ಒಂದರಂದು ಹೈದರಾಬಾದ್ ರಾಜ್ಯ ಇಲ್ಲವಾಗಿ ಕನ್ನಡ ನಾಡೆಲ್ಲ ಒಂದಾಗುವುದಿತ್ತು. ಆ ದಿನ ಊರೂರಿನವರೂ ತಮ್ಮ ತಮ್ಮ ಧೀರರ ಹೆಸರು ಹೇಳಿ ಮೆರವಣಿಗೆ ಹೊರಡುವವರು. ಸುರಪುರದವರಿಗೆ ಚಿಂತೆ ಇರಲಿಲ್ಲ, ಅಲ್ಲಿ ಅಜ್ಜನ ಕಾಲದಿಂದಲೂ ಧೀರರ ದಾಸ್ತಾನು ಇತ್ತು. ಯಾದಗಿರಿಯವರಿಗೆ ರೈಲು ಇತ್ತು, ಬೇಕಾದ ಭಾಷಣಕಾರರನ್ನು ತರಿಸಿಕೊಳ್ಳಬಹುದಿತ್ತು. ಶಹಾಪುರದಲ್ಲಿ ಇದ್ದದ್ದು ಜೋಳ, ಹತ್ತಿ, ಮತ್ತೆ ಮಲಗಿದ ಮನುಷ್ಯನಂತೆ ಕಾಣುವ ಒಂದು ಗುಡ್ಡ.

ಹುತಾತ್ಮನನ್ನು ಹುಡುಕಲು ಒಂದು ಸಮಿತಿಯಾಯಿತು. ಅಧ್ಯಕ್ಷರು ಅಡತಿ ಅಂಗಡಿಯ ಭಗವಂತರಾಯರು. ಅವರ ಪಡಸಾಲೆಯ ಗೂಟದಲ್ಲಿ ನಿಜಾಮನ ಕಾಲದ ರೂಮಿ ಟೋಪಿ ಇಳಿದು ಗಾಂಧಿ ಟೋಪಿ ಏರಿ ಎಂಟು ವರ್ಷವಾಗಿತ್ತು, ಗೂಟ ಮಾತ್ರ ಅದೇ ಇತ್ತು. ಸಮಿತಿ ಮೊದಲು ಜೈಲಿಗೆ ಹೋಗಿ ಬಂದ ಒಬ್ಬರನ್ನು ವಿಚಾರಿಸಿತು. ಅವರು ಗಟ್ಟಿಮುಟ್ಟಾಗಿ ಬದುಕಿದ್ದರು, ಅದೇ ತೊಂದರೆಯಾಯಿತು. ಇನ್ನೊಬ್ಬ ಸರಿಯಾದ ವಾರದಲ್ಲೇ ಸತ್ತಿದ್ದ, ಆದರೆ ವಾಂತಿಭೇದಿಯಿಂದ. ಕಡೆಗೆ ಶಾಲೆಯ ಗುರಣ್ಣ ಮಾಸ್ತರರು ಗುಡ್ಡದ ಅಯ್ಯಣ್ಣನ ನೆನಪು ತೆಗೆದರು. ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಮಿಲಿಟರಿ ಬಂದು ನಿಜಾಮನ ಆಳ್ವಿಕೆ ಮುಗಿಯಿತಲ್ಲ, ಅದಾದ ನಾಲ್ಕನೆಯ ದಿನ ಅವನು ಗುಡ್ಡದ ಮೇಲಿಂದ ಬಿದ್ದು ಸತ್ತಿದ್ದ. ತಾರೀಖು ಹೇಳಿ ಮಾಡಿಸಿದಂತಿತ್ತು.

ಈ ಮಾತು ನಡೆಯುವಾಗ ಅಂಗಡಿಯ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದ ಸುಂದ್ರಮ್ಮನ ಕೈಯಲ್ಲಿ ಮೊರ ನಿಂತುಬಿಟ್ಟಿತು.

ಅಯ್ಯಣ್ಣ ಅವಳ ಓಣಿಯವನು, ಕುರಿ ಕಾಯುವವನು. ಬರಿಗಾಲಲ್ಲಿ ಅವನು ಹತ್ತದ ಬಂಡೆ ಆ ಸೀಮೆಯಲ್ಲಿ ಇರಲಿಲ್ಲ. ಹಸಿ ಹುಲ್ಲಿನ ಆಸೆಗೆ ಆಡುಗಳು ಬಂಡೆಯಿಂದ ಬಂಡೆಗೆ ಜಿಗಿದು, ಮುಂದೆ ಹೋಗಲೂ ಬಾರದೆ ಹಿಂದೆ ಬರಲೂ ಬಾರದೆ ಅರಚಿಕೊಳ್ಳುತ್ತಿದ್ದವು. ಆಗ ಸಗರದಿಂದ, ಅಷ್ಟು ದೂರದ ಗುರುಮಠಕಲ್ಲಿನಿಂದ ಕೂಡ ಅಯ್ಯಣ್ಣನಿಗೆ ಕರೆ ಬರುತ್ತಿತ್ತು. ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ಚರಿಗೆ ಮಜ್ಜಿಗೆ, ಒಂದು ಚಿಟಿಕೆ ತಂಬಾಕು, ಅಷ್ಟೇ. ಕೆಳಗೆ ತಂದ ಆಡನ್ನು ಎದುರಿಗೆ ನಿಲ್ಲಿಸಿಕೊಂಡು, ಸೋದರಮಾವ ಅಳಿಯನಿಗೆ ಬುದ್ಧಿ ಹೇಳುವಂತೆ, ಹೆಂಗಸರೆಲ್ಲ ನಗುವ ತನಕ ಬೈಯುತ್ತಿದ್ದ. ಅವನು ಸತ್ತ ದಿನ ಮೂರು ಓಣಿಗಳಲ್ಲಿ ಒಲೆ ಹೊತ್ತಲಿಲ್ಲ.

ಬಂಡೆ ಹತ್ತುವವರಲ್ಲಿ ಒಂದು ಪದ್ಧತಿ. ಹತ್ತುವವನ ನಡಕ್ಕೆ ಬಿಗಿದು, ಮೇಲಿನ ಗಿಡವೊಂದಕ್ಕೆ ಬಳಸಿ ಇಳಿಬಿಟ್ಟ ಹಗ್ಗದ ಕೆಳತುದಿಯನ್ನು ಅವನ ಹೆಂಡತಿಯ ಅಣ್ಣತಮ್ಮಂದಿರೇ ಹಿಡಿಯಬೇಕು. ತಂಗಿಯ ತಾಳಿ ತನ್ನ ಕೈಯಲ್ಲಿದೆ ಎಂಬ ಎಚ್ಚರ ಬೇರೆ ಯಾರಿಗೆ ಇದ್ದೀತು? ಅಯ್ಯಣ್ಣನ ಹೆಂಡತಿ ಮಾಳಮ್ಮ ಒಬ್ಬಳೇ ಮಗಳು. ಅದಕ್ಕೆ ಹಗ್ಗ ಹೊಸೆಯುವ ಸುಲ್ತಾನಸಾಬ ಒಂದು ಪಂಚಮಿಯ ದಿನ ಅವಳಿಗೆ ಕುಪ್ಪಸದ ಖಣ ಕೊಟ್ಟು ಅಣ್ಣನಾದ. ಅಂದಿನಿಂದ ಅಯ್ಯಣ್ಣನ ಹಗ್ಗ ಅವನ ಕೈಯಲ್ಲೇ.

ಅಯ್ಯಣ್ಣ ಆ ದಿನ ಯಾಕೆ ಹತ್ತಿದ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು, ಸುಲ್ತಾನಸಾಬನಿಗೆ ಮತ್ತು ಸುಂದ್ರಮ್ಮನಿಗೆ. ಮೇಲೆ ಸಿಕ್ಕಿಕೊಂಡದ್ದು ಸುಂದ್ರಮ್ಮನ ಆಡು, ತುಂಬಿದ ಗಬ್ಬದ್ದು. ರಾತ್ರಿಯೆಲ್ಲ ಮಳೆ ಹೊಡೆದಿತ್ತು. ಅಯ್ಯಣ್ಣ ಬಂಡೆಯ ಮೇಲೆ ಅಂಗೈ ಇಟ್ಟು ನೋಡಿ, "ಕಲ್ಲು ಇನ್ನಾ ತೋಯ್ದದ, ನಾಳಿ ತರತೀನಿ" ಅಂದಿದ್ದ. ಅವಳು ಸುಮ್ಮನಿರಬೇಕಿತ್ತು. ಇರಲಿಲ್ಲ. "ನಾಳಿ ತನಕ ಚಿರತಿ ಕಾಯತದೇನು? ವಯಸ್ಸಾತು ಅಂತ ಹೇಳು, ಬಿಡತೀನಿ" ಅಂದಳು. ಅಯ್ಯಣ್ಣ ನಕ್ಕ, ಹತ್ತಿದ.

ಮಾಳಮ್ಮನಿಗೆ ಹೇಳಬೇಡವೆಂದು ಸುಂದ್ರಮ್ಮ ಅವತ್ತೇ ಸುಲ್ತಾನಸಾಬನಿಂದ ಆಣೆ ಮಾಡಿಸಿಕೊಂಡಿದ್ದಳು. ಅವನು ಯಾರಿಗೂ ಹೇಳಲಿಲ್ಲ. ಎಂಟು ವರ್ಷ ಅವಳು ಮಾಳಮ್ಮನ ಜೊತೆ ಒಂದೇ ಬಾವಿಯಲ್ಲಿ ನೀರು ಸೇದಿದಳು, ಅವಳ ಮಗಳ ಮದುವೆಯಲ್ಲಿ ಹೋಳಿಗೆ ಲಟ್ಟಿಸಿದಳು, ಬಾಯಿ ಮಾತ್ರ ಬಿಡಲಿಲ್ಲ. ಹೆದರಿಕೆ ಅಂದರೆ ಹೆದರಿಕೆಯೇ, ಅದಕ್ಕೆ ಬೇರೆ ಚಂದದ ಹೆಸರು ಇಡುವುದು ಬೇಡ.

ಹಾಗಾಗಿ ಸಮಿತಿಯವರು, "ಅಯ್ಯಣ್ಣ ಧ್ವಜ ಏರಸಾಕ ಗುಡ್ಡ ಹತ್ಯಾನ" ಎಂದು ತೀರ್ಮಾನಿಸಿದಾಗ ಸುಂದ್ರಮ್ಮನಿಗೆ ಮೊದಲು ಆದದ್ದು ಸಮಾಧಾನ. ಧ್ವಜಕ್ಕಾಗಿ ಸತ್ತನೆಂದು ಸಮಿತಿ ನೆಡುವ ಸ್ಮಾರಕದ ಕಲ್ಲಿನ ಮೇಲೆಯೇ ಕೊರೆದರೆ ಆಡಿನ ಮಾತು ಇನ್ನು ಯಾರು ಎತ್ತುತ್ತಾರೆ?

"ಧ್ವಜ ಯಾರೂ ನೋಡಿಲ್ಲಲ್ರಿ" ಎಂದರು ಗುರಣ್ಣ ಮಾಸ್ತರರು. ಕಲ್ಲಿನ ಒಕ್ಕಣೆ ಬರೆಯುವ ಕೆಲಸ ಅವರದು.

"ಗಾಳಿಗಿ ಹಾರಿ ಹೋತು ಅಂತ ಬರೀರಿ" ಎಂದರು ಭಗವಂತರಾಯರು. "ಗುಡ್ಡದ ಮ್ಯಾಗ ಗಾಳಿ ಇರತದಿಲ್ಲೋ?"

ಮಾಸ್ತರರು ಬರೆದರು. ಬರೆದು, ಪೆನ್ನಿನ ತುದಿ ಕಚ್ಚಿ ಕೂತರು. "ಅಲ್ರಿ, ಬರೇ ಕಾಲು ಜಾರಿ ಬಿದ್ರ ಹುತಾತ್ಮ ಹೆಂಗಾಗತಾನ? ಯಾರರ ಕೊಲ್ಲಬೇಕಾಗತದ."

ರಾಯರು ಲೋಡಿಗೆ ಒರಗಿ ಸ್ವಲ್ಪ ಹೊತ್ತು ಯೋಚಿಸಿದರು. ಹತ್ತಿಯ ಅಂಡಿಗೆಯ ತೂಕದಲ್ಲಿ ಎಷ್ಟು ಹಾಕಬೇಕು ಎಷ್ಟು ತೆಗೆಯಬೇಕು ಎಂದು ಗೊತ್ತಿದ್ದ ಮನುಷ್ಯ. "ದುಷ್ಟರು ಹಗ್ಗ ಕೊಯ್ದರು ಅಂತ ಹಾಕ್ರಿ."

"ಯಾವ ದುಷ್ಟರು?"

"ಹೆಸರು ಬ್ಯಾಡ. ತಿಳಿಯೋರಿಗಿ ತಿಳೀತದ."

ತಿಳಿಯಿತು. ಹಗ್ಗ ಹಿಡಿದವನು ಯಾರೆಂದು ಶಹಾಪುರದ ಕೂಸಿಗೂ ಗೊತ್ತಿತ್ತು. ಕಲ್ಲುಕುಟಿಗನು ಇನ್ನೂ ಮೊದಲ ಸಾಲು ಕೊರೆಯುತ್ತಿದ್ದಾಗಲೇ ಕೊನೆಯ ಸಾಲು ಊರೆಲ್ಲ ಸುತ್ತಿ ಬಂತು. ನಿನ್ನೆಯ ತನಕ ಸುಲ್ತಾನಸಾಬನ ಹಗ್ಗವಿಲ್ಲದೆ ಯಾರ ಎತ್ತೂ ಗೋದಲಿಯಲ್ಲಿ ನಿಲ್ಲುತ್ತಿರಲಿಲ್ಲ. ಈಗ ಅವನ ಅಂಗಡಿಯ ಮುಂದೆ ಜನ ರಸ್ತೆಯ ಆಚೆ ಬದಿ ಹಿಡಿದು ನಡೆಯತೊಡಗಿದರು.

ಸುಂದ್ರಮ್ಮ ಅವನ ಮನೆಗೆ ಹೋದಾಗ ಅವನು ನಾರಿನ ಸಿವುಡುಗಳನ್ನು ಗಂಟು ಕಟ್ಟುತ್ತಿದ್ದ. ಹೆಂಡತಿ ಮಜೀದಾ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು, ಇವಳನ್ನು ನೋಡಿಯೂ ಕೂಡು ಅನ್ನಲಿಲ್ಲ.

"ಎಲ್ಲಿಗಿ ಹೊಂಟೀರಿ ಅಣ್ಣಾ?"

"ಕಲಬುರ್ಗಿಗಿ. ಮಜೀದಾನ ತಮ್ಮ ಅಲ್ಲೇ ಇದ್ದಾನ. ಕಲ್ಲು ನಿಲ್ಲೋದರಾಗ ಹೋಗಬೇಕವ್ವ. ನಿಂತ ಮ್ಯಾಗ ದಿನಾ ಅದರ ಮುಂದ ಹಾದು ಹೋಗಾಕ ನನ್ನ ಕೈಲಿ ಆಗಂಗಿಲ್ಲ."

"ನೀವು ಖರೇ ಸಂಗತಿ ಹೇಳಬಾರದೇನು?"

ಸುಲ್ತಾನಸಾಬ ಗಂಟು ಬಿಗಿಯುವುದನ್ನು ನಿಲ್ಲಿಸಲಿಲ್ಲ. "ಹೇಳಬ್ಯಾಡ ಅಂತ ಆಣಿ ಮಾಡಿಸಿಕೊಂಡಾಕಿ ನೀನೇ ಅಲ್ಲೇನು ತಂಗಿ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸುಂದ್ರಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳಿಗೆ ತನ್ನ ಮೇಲೆಯೇ ಹೇಸಿಕೆ ಬಂತು.

ನವೆಂಬರ್ ಒಂದರ ಸಭೆ ಶಾಲೆಯ ಬಯಲಿನಲ್ಲಿ, ಮಧ್ಯಾಹ್ನ ನಾಲ್ಕಕ್ಕೆ. ವೇದಿಕೆಯ ಮೇಲೆ ಕುರ್ಚಿಗಳು, ಕುರ್ಚಿಗಳ ಮೇಲೆ ತಹಶೀಲ್ದಾರರು, ರಾಯರು, ಯಾದಗಿರಿಯಿಂದ ಬಂದ ಭಾಷಣಕಾರರು. ಒಂದು ತುದಿಗೆ ಮಾಳಮ್ಮ. ಹುಟ್ಟಿದಾಗಿನಿಂದ ಕುರ್ಚಿಯ ಮೇಲೆ ಕೂತವಳಲ್ಲ, ಬೆನ್ನು ತಾಗಿಸದೆ ಅಂಚಿನಲ್ಲಿ ಕೂತಿದ್ದಳು. ಹೆಗಲ ಮೇಲೆ ಸಮಿತಿ ಹೊದಿಸಿದ ಶಾಲು. ಪಕ್ಕದಲ್ಲಿ ಬಟ್ಟೆ ಮುಚ್ಚಿದ ಕಲ್ಲು.

ಯಾದಗಿರಿಯ ಭಾಷಣಕಾರರಿಗೆ ಅಯ್ಯಣ್ಣ ಗೊತ್ತಿರಲಿಲ್ಲ, ಅದರಿಂದ ಅವರ ಮಾತು ಎಲ್ಲಿಯೂ ತಡವರಿಸಲಿಲ್ಲ. ಹಿಮಾಲಯದ ತುದಿ ಮುಟ್ಟಿದವರಿಗೆ ಜಗತ್ತೇ ಕೈಮುಗಿಯಿತು, ನಮ್ಮ ಅಯ್ಯಣ್ಣನವರ ಗುಡ್ಡ ಸಣ್ಣದಿರಬಹುದು, ಧ್ಯೇಯ ಅದಕ್ಕಿಂತ ಎತ್ತರದ್ದು ಎಂದರು. ಅಯ್ಯಣ್ಣನವರು ಬಾಲ್ಯದಿಂದಲೂ ಖಾದಿ ತೊಡುತ್ತಿದ್ದರು ಎಂದರು. ಹೆಗಲ ಕಂಬಳಿಯೊಂದನ್ನು ಬಿಟ್ಟರೆ ಅಯ್ಯಣ್ಣ ಏನನ್ನು ತೊಟ್ಟಿದ್ದನೆಂದು ನೆನಪು ಮಾಡಿಕೊಳ್ಳುತ್ತ ಜನ ಚಪ್ಪಾಳೆ ತಟ್ಟಿದರು. ಆಮೇಲೆ ಭಾಷಣಕಾರರು ದನಿ ಇಳಿಸಿ, ಹಗ್ಗದ ವಿಷಯಕ್ಕೆ ಬಂದರು. ಹಿಂದುಗಡೆ ನಿಂತಿದ್ದ ನಾಲ್ಕೈದು ಪಡ್ಡೆ ಹುಡುಗರು ತಿರುಗಿ ಗೇಟಿನ ಕಡೆ ನೋಡಿದರು. ಅಲ್ಲಿ ಸುಲ್ತಾನಸಾಬ ಗಂಟು ಹೊತ್ತು ನಿಂತಿದ್ದ. ಊರು ಬಿಡುವ ಮೊದಲು ತಂಗಿ ಮಾಳಮ್ಮನಿಗೆ ಹೇಳಿ ಹೋಗಲು ಬಂದಿದ್ದ.

ಸುಂದ್ರಮ್ಮ ಎದ್ದು ನಿಂತಳು.

"ರಾಯರ, ನಂದೊಂದು ಮಾತದ."

"ಆಮ್ಯಾಗ ಹೇಳವ್ವ."

"ಆಮ್ಯಾಗ ಕಲ್ಲು ನಿಂತಿರತದ." ಅವಳು ವೇದಿಕೆಯತ್ತ ನಡೆದಳು, ಮಾತಾಡಿದ್ದು ಮಾತ್ರ ಮಾಳಮ್ಮನಿಗೆ. "ಮಾಳವ್ವ, ಅವ ಧ್ವಜ ಏರಸಾಕ ಹೋಗಿದ್ದಿಲ್ಲ. ನನ್ನ ಆಡು ತರಾಕ ಹೋಗಿದ್ದ. ಕಲ್ಲು ತೋಯ್ದದ, ನಾಳಿ ತರತೀನಿ ಅಂದ. ವಯಸ್ಸಾತೇನು ಅಂತ ನಾನೇ ಕೆಣಕಿ ಹತ್ತಿಸಿದೆ. ಹಗ್ಗ ಯಾರೂ ಕೊಯ್ದಿಲ್ಲ. ಅವ ತನ್ನ ನಡಾದಾಗಿನ ಹಗ್ಗ ಬಿಚ್ಚಿ ಆಡಿಗಿ ಕಟ್ಟಿದ. ಸುಲ್ತಾನಣ್ಣ ಅದನ್ನ ಇಳಿಸಿ ನೆಲಾ ಮುಟ್ಟಿಸಿದ. ಮತ್ತ ಹಗ್ಗ ಮ್ಯಾಲ ಎಳಕೊಳ್ಳಾಕ ಬಗ್ಗಿದಾಗ ಅವನ ಕಾಲು ಜಾರಿತು. ಹೇಳಬ್ಯಾಡಂತ ಸುಲ್ತಾನಣ್ಣಗ ನಾನೇ ಆಣಿ ಹಾಕೀನಿ. ಅಂವಂದೇನೂ ತಪ್ಪಿಲ್ಲ."

ಭಗವಂತರಾಯರು ವೇದಿಕೆಯ ತುದಿಗೆ ಬಂದು ಮೆತ್ತಗೆ, "ಆಡಿನ ಸುದ್ದಿ ಇಲ್ಲಿ ಹೇಳೋದಲ್ಲವ್ವ, ತಹಶೀಲ್ದಾರರು ಬಂದಾರ" ಎಂದರು. ಯಾದಗಿರಿಯ ಭಾಷಣಕಾರರು ಅನುಭವಸ್ಥರು. ಮಹಾತ್ಮರು ಕೂಡ ಆಡಿನ ಹಾಲನ್ನೇ ಕುಡಿಯುತ್ತಿದ್ದರು ಎಂದು ಶುರು ಮಾಡಿದರು.

ಅವರನ್ನು ಸಗರದ ಗೊಲ್ಲಾಳಮ್ಮ ಮುಂದುವರಿಯಗೊಡಲಿಲ್ಲ. ಅರವತ್ತು ದಾಟಿದ ಮುದುಕಿ, ಕೂತಲ್ಲಿಂದಲೇ ಹೇಳಿದಳು: "ನಮ್ಮ ಹೋತಾನೂ ಅವನೇ ಇಳಿಸಿಕೊಟ್ಟಿದ್ದ. ಇಳಿಸಿ, ಅದಕ್ಕ ಎಷ್ಟು ಬೈದನಂದ್ರ, ನಾಕು ದಿನ ಅದು ಗುಡ್ಡದ ಕಡಿ ಮಾರಿ ಮಾಡಲಿಲ್ಲ." ಯಾರೋ ನಕ್ಕರು. ಇನ್ನೊಬ್ಬ ತನ್ನ ಎರಡು ಮರಿಗಳ ಕಥೆ ತೆಗೆದ. ಗುರುಮಠಕಲ್ಲಿನವನೊಬ್ಬ ಅರ್ಧ ತೆಲುಗಿನಲ್ಲಿ ತನ್ನದನ್ನು ಹೇಳಿದ. ನೋಡನೋಡುತ್ತ ಬಯಲೆಲ್ಲ ಆಡುಗಳೇ ಆದವು, ನಗುತ್ತಲೇ ಜನ ಕಣ್ಣು ಒರೆಸಿಕೊಂಡರು. ಅಯ್ಯಣ್ಣನ ಸ್ಮರಣೆ ನಿಜವಾಗಿ ನಡೆದದ್ದು ಆ ಅರ್ಧ ಗಂಟೆ, ಕಾರ್ಯಕ್ರಮ ಪತ್ರಿಕೆಯಲ್ಲಿ ಅದು ಇರಲಿಲ್ಲ. ಪಡ್ಡೆ ಹುಡುಗರಲ್ಲಿ ಒಬ್ಬ ಹೋಗಿ ಸುಲ್ತಾನಸಾಬನ ತಲೆಯ ಮೇಲಿನ ಗಂಟು ಇಳಿಸಿಕೊಂಡ. ಆಡಿಗಾಗಿ ಸತ್ತವರಿಗೆ ಸರ್ಕಾರಿ ಜಾಗದಲ್ಲಿ ಕಲ್ಲು ನೆಡಲು ಅವಕಾಶವಿಲ್ಲವೆಂದು ತಹಶೀಲ್ದಾರರು ಎದ್ದು ಹೋದರು. ಅವರ ಹಿಂದೆ ರಾಯರು, ರಾಯರ ಹಿಂದೆ ಕಲ್ಲು ಹೊತ್ತ ಬಂಡಿ.

ಬಯಲು ಬರಿದಾದ ಮೇಲೆ ಮಾಳಮ್ಮ ಮೆಟ್ಟಿಲಿಳಿದು ಸುಂದ್ರಮ್ಮನ ಎದುರಿಗೆ ನಿಂತಳು.

"ಆಡು ಬದುಕಿತೇನು?"

"ಬದುಕಿತು. ಎರಡು ಮರಿ ಹಾಕಿತು."

ಮಾಳಮ್ಮ ತಲೆಯಾಡಿಸಿದಳು. "ಹಂಗಾದ್ರ ಕೆಲಸ ಮುಗಿಸೇ ಬಿದ್ದಾನ." ಆಮೇಲೆ ಅವಳ ದನಿ ಒಡೆಯಿತು. "ಎಂಟು ವರ್ಷ ಸುಂದ್ರಿ, ಎಂಟು ವರ್ಷ ದಿನಾ ಅವಗ ಬೈದೀನಿ. ಮಳಿ ಆದ ಮ್ಯಾಗ ಯಾಕ ಹತ್ತಿದಿ, ನಾನು ಮಕ್ಕಳು ನಿನಗ ನೆಪ್ಪಾಗಲಿಲ್ಲೇನು ಅಂತ. ಸತ್ತವಗ ಬೈದೀನಿ. ಆ ಬೈಗುಳೆಲ್ಲ ನಿನಗ ಸೇರಬೇಕಾಗಿತ್ತು."

"ಈಗ ಬೈ" ಎಂದಳು ಸುಂದ್ರಮ್ಮ.

ಮಾಳಮ್ಮ ಬೈಯತೊಡಗಿದಳು. ಅವಳ ಸೊಕ್ಕಿಗೆ ಬೈದಳು, ನಾಲಿಗೆಗೆ ಬೈದಳು, ಬಾವಿಕಟ್ಟೆಯ ಮೇಲೆ ನಿಂತು ಏನೂ ಅರಿಯದವಳಂತೆ ಕೊಡ ಎತ್ತಿಕೊಟ್ಟ ಕೈಗಳಿಗೆ ಬೈದಳು. ಆಳುಗಳು ಕುರ್ಚಿಗಳನ್ನು ಮಡಚಿ ಒಯ್ಯುವುದು ಮುಗಿದರೂ ಅವಳ ಬೈಗುಳ ಮುಗಿಯಲಿಲ್ಲ. ಸುಂದ್ರಮ್ಮ ಒಂದೊಂದನ್ನೂ ನಿಂತು ಕೇಳಿದಳು. ಕಡೆಗೆ ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಾಗ ಮಾಳಮ್ಮ ಅವಳ ಕೈ ಹಿಡಿದು ಜಗ್ಗಿದಳು.

"ಅಳಬ್ಯಾಡ" ಎಂದಳು. "ನಂದು ಇನ್ನಾ ಮುಗಿದಿಲ್ಲ."